ಕೆರೆಯಂಚಿನ ಊರಿನಲ್ಲಿ ಒಂದು ಬೇಸಗೆ

ಪರೀಕ್ಷೆಗಳು ಮುಗಿದು, ಶಾಲೆಯ ಬಾಗಿಲು ಮುಚ್ಚಿ, ಏಪ್ರಿಲ್ ತಿಂಗಳ ಬಿಸಿಲು ತೀಕ್ಷ್ಣವಾಗತೊಡಗಿದೊಡನೆ ಗೃಹಸ್ಥರ ಮನೆಗಳಲ್ಲಿ ವರ್ಷವರ್ಷವೂ ತಪ್ಪದೆ ತಲೆಯೆತ್ತುವ ಪ್ರಶ್ನೆಯೊಂದುಂಟು: ಈ ಸಲದ ರಜವನ್ನು ಎಲ್ಲಿ ಕಳೆಯಬೇಕು? ಹಿಂದೆ ಈ ಪ್ರಶ್ನೆ ಹುಟ್ಟುವುದಕ್ಕೆ ಮೊದಲೇ ಉತ್ತರ ಸಿದ್ಧವಾಗಿರುತ್ತಿತ್ತು. ಅಜ್ಜಿಯ ಮನೆಯಿರುವ ಊರೇ ಮಕ್ಕಳ ಪಾಲಿನ ವಿಹಾರಧಾಮ. ಇಂದು ಆಯ್ಕೆಯ ಕ್ಷೇತ್ರ ವಿಶಾಲವಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಂದ ಓದಿಗೆಂದು ಹೊರಟ ಮಕ್ಕಳು ಬೆಂಗಳೂರನ್ನು ದಾಟಿ ಯೂರೋಪು ಅಮೆರಿಕೆಗಳಲ್ಲಿ ನೆಲಸಿರುವುದರಿಂದ, ತೆಂಗಿನ ತೋಟದ ಮನೆಯ ಜಗಲಿಯ ಮಾತಿನಲ್ಲಿಯೂ ಇಟಲಿಯ ಕೋಮೋ, ಗಾರ್ದಾ ಸರೋವರಗಳ ಹೆಸರು ಸುಳಿಯುವ ಕಾಲ ಬಂದಿದೆ. ಇದು ಸಂತೋಷದ ವಿಷಯವೇ ಹೊರತು ಆಕ್ಷೇಪಕ್ಕೆ ಅರ್ಹವಾದುದಲ್ಲ.

ಆದರೆ ಪ್ರವಾಸ ಬೇರೆ, ವಿಶ್ರಾಂತಿ ಬೇರೆ. ಹತ್ತು ದಿನಗಳಲ್ಲಿ ಎಂಟು ಊರುಗಳನ್ನು ಕಂಡು, ಪ್ರತಿರಾತ್ರಿಯೂ ಹೊಸದೊಂದು ಕೊಠಡಿಯಲ್ಲಿ ಪೆಟ್ಟಿಗೆ ಬಿಚ್ಚಿ, ಬೆಳಗಾಗುವ ಮೊದಲೇ ಮತ್ತೆ ಕಟ್ಟಿ, ಮಕ್ಕಳನ್ನು ಅರೆನಿದ್ರೆಯಲ್ಲಿ ಎಬ್ಬಿಸಿ ವಾಹನವೇರಿಸಿ, ಕೊನೆಗೆ ಊರಿಗೆ ಮರಳಿ ಎರಡು ದಿನ ಹಾಸಿಗೆ ಹಿಡಿಯುವ ಕುಟುಂಬಗಳನ್ನು ನಾವೆಲ್ಲರೂ ಬಲ್ಲೆವು. ಅಂತಹ ಪ್ರಯಾಣದಿಂದ ಜ್ಞಾನ ಬರಬಹುದು, ಭಾವಚಿತ್ರಗಳು ಬರಬಹುದು. ಮನಸ್ಸಿಗೆ ವಿರಾಮ ಬರುವುದು ದುರ್ಲಭ. ಬಿಡುವಿನ ರಜವನ್ನು ಬಯಸುವವರು ಮೊದಲು ನಿಶ್ಚಯಿಸತಕ್ಕದ್ದು ಒಂದೇ: ನೀರಿನ ಬಳಿಯ ಒಂದು ಸಣ್ಣ ಊರನ್ನು ಆರಿಸಿ, ಅಲ್ಲಿ ಕೆಲವು ವಾರಗಳ ಮಟ್ಟಿಗೆ ನಿವಾಸಿಗಳಾಗಿ ಉಳಿಯುವುದು. ಈ ಕಲೆಯನ್ನು ಇಟಲಿಯ ಜನ ಎರಡು ಸಾವಿರ ವರ್ಷಗಳಿಂದ ಅಭ್ಯಾಸಮಾಡಿದ್ದಾರೆ. ತೆಂಗಿನ ಸೀಮೆಯಾದ ನಮ್ಮ ಕಲ್ಪತರು ನಾಡಿನ ಕೆರೆಯೂರುಗಳು ಅದಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ಇಟ್ಟುಕೊಂಡಿವೆ.

ಪ್ಲಿನಿಯ ಎರಡು ಮನೆಗಳು

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಕೋಮೋ ಪಟ್ಟಣದಲ್ಲಿ ಹುಟ್ಟಿ, ರೋಮಿನಲ್ಲಿ ನ್ಯಾಯವಾದಿಯಾಗಿಯೂ ಅಧಿಕಾರಿಯಾಗಿಯೂ ಹೆಸರಾದ ಕಿರಿಯ ಪ್ಲಿನಿಯು ತನ್ನ ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ, ಆ ಸರೋವರದ ದಡದಲ್ಲಿ ತನಗಿದ್ದ ಎರಡು ಪ್ರಿಯವಾದ ಮನೆಗಳ ವರ್ಣನೆಯಿದೆ. ಬಂಡೆಯ ಮೇಲೆ ಎತ್ತರದಲ್ಲಿ ನಿಂತಿದ್ದ ಮನೆಗೆ ಅವನಿಟ್ಟ ಹೆಸರು ದುರಂತನಾಟಕ, ನೀರಿನಂಚಿನಲ್ಲಿ ತಗ್ಗಾಗಿದ್ದ ಮನೆಗೆ ಹರ್ಷನಾಟಕ. ರೋಮಿನ ರಂಗಭೂಮಿಯಲ್ಲಿ ದುರಂತದ ನಟರು ಎತ್ತರದ ಪಾದರಕ್ಷೆಯನ್ನೂ ಹರ್ಷನಾಟಕದವರು ತೆಳುವಾದ ಪಾದರಕ್ಷೆಯನ್ನೂ ಧರಿಸುತ್ತಿದ್ದುದೇ ಈ ವಿನೋದದ ಮೂಲ. ಮೇಲಿನ ಮನೆಯಿಂದ ಬೆಸ್ತರನ್ನು ನೋಡಬಹುದು, ಕೆಳಗಿನ ಮನೆಯಲ್ಲಿ ಮಲಗುವ ಕೊಠಡಿಯಿಂದಲೇ ಗಾಳ ಹಾಕಬಹುದು ಎಂಬುದು ಅವನ ಹೆಮ್ಮೆ. ರಾಜಧಾನಿಯ ಗದ್ದಲದಲ್ಲಿ ದುಡಿಯುವ ಮನುಷ್ಯನಿಗೆ ನೀರಿನ ಎದುರಿನ ಮನೆಯಲ್ಲಿ ಕೆಲವು ಕಾಲ ಸುಮ್ಮನೆ ಇರುವುದು ಆರೋಗ್ಯಕ್ಕೂ ಬರವಣಿಗೆಗೂ ಅವಶ್ಯಕವೆಂಬ ನಂಬಿಕೆ ಅಂದಿನದು. ಅದು ಇಂದಿಗೂ ಆ ದೇಶದಲ್ಲಿ ಅಳಿದಿಲ್ಲ.

ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನಿಂತಿರುವ ಈ ಸರೋವರಗಳು ಬಹಳ ಆಳವಾದವು. ಕೋಮೋ 400 ಮೀಟರಿಗೂ ಹೆಚ್ಚು ಆಳ, ಗಾರ್ದಾ ಸುಮಾರು 370 ಚದರ ಕಿಲೋಮೀಟರಿನಷ್ಟು ವಿಶಾಲ. ಬೆಲ್ಲಾಜಿಯೋ, ವರೆನ್ನಾ, ಮೆನಾಜ್ಜಿಯೋ ಎಂಬ ಊರುಗಳು ಕೋಮೋವಿನ ನಡುಭಾಗದಲ್ಲಿ ಪರಸ್ಪರ ಎದುರುಬದುರಾಗಿ ಕುಳಿತಿವೆ. ಸಣ್ಣ ಹಡಗುಗಳು ದಿನವಿಡೀ ಅವುಗಳ ನಡುವೆ ಸಂಚರಿಸುತ್ತವೆ. ಮಿಲಾನಿನಿಂದ ವರೆನ್ನಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಟಲಿಯ ಶಾಲೆಗಳಿಗೆ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ನಡುವಿನವರೆಗೆ ರಜವಿದ್ದು, ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ನಗರಗಳು ಬರಿದಾಗುತ್ತವೆ. ಅಗಸ್ಟಸ್ ಚಕ್ರವರ್ತಿಯ ಕಾಲದ ವಿಶ್ರಾಂತಿ ದಿನಗಳೇ ಈ ಹಬ್ಬಕ್ಕೆ ಮೂಲ. ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಭೋಜನವಾದ ಮೇಲೆ ಅಂಗಡಿಗಳು ಬಾಗಿಲು ಹಾಕುತ್ತವೆ. ಬಿಸಿಲಿಳಿದ ಮೇಲೆ ಅಜ್ಜ, ಅಜ್ಜಿ, ತಾಯಿ, ತಂದೆ, ಮಕ್ಕಳು ಎಲ್ಲರೂ ಒಳ್ಳೆಯ ಬಟ್ಟೆ ತೊಟ್ಟು ದಡದ ಬೀದಿಯಲ್ಲಿ ನಿಧಾನವಾಗಿ ಅಡ್ಡಾಡುತ್ತಾರೆ. ನೋಡಿದ್ದನ್ನೇ ಮತ್ತೆ ನೋಡುವುದರಲ್ಲಿ ಅವರಿಗೆ ಬೇಸರವಿಲ್ಲ.

ಅಲ್ಲಿಗೇ ಹೋಗಬೇಕೆಂದು ನಿಶ್ಚಯಿಸಿದ ಕುಟುಂಬಕ್ಕೆ ಕೆಲವು ವ್ಯಾವಹಾರಿಕ ಮಾತುಗಳು ಉಪಯುಕ್ತವಾದಾವು. ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಕೊಡಬಹುದು, ಕಡೆಯಪಕ್ಷ 15 ದಿನ ಮೊದಲು ಕೊಟ್ಟಿರತಕ್ಕದ್ದು. ಬೇಸಗೆಯಲ್ಲಿ ಅರ್ಜಿದಾರರ ಸಂದಣಿ ಹೆಚ್ಚಾದುದರಿಂದ ಯುಗಾದಿಗೆ ಮೊದಲೇ ಕಾಗದಪತ್ರಗಳನ್ನು ಸಿದ್ಧಪಡಿಸುವುದು ವಿವೇಕ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣವಿಮೆ ಕಡ್ಡಾಯ. 2024ರ ಜೂನ್ ತಿಂಗಳಿನಿಂದ ವಯಸ್ಕರ ವೀಸಾ ಶುಲ್ಕ 90 ಯೂರೋ. ನಮ್ಮ ಶಾಲೆಗಳ ರಜಕ್ಕೆ ಹೊಂದುವ ಮೇ ತಿಂಗಳಿನಲ್ಲಿ ಅಲ್ಲಿ ವಸಂತವಿನ್ನೂ ಮುಗಿದಿರುವುದಿಲ್ಲ. ನೀರು ತಣ್ಣಗಿರುತ್ತದೆ, ಆದರೆ ಜುಲೈ, ಆಗಸ್ಟ್ ತಿಂಗಳುಗಳ ನೂಕುನುಗ್ಗಲು ಇರುವುದಿಲ್ಲ.

ವಿಹಾರದ ಹೆಸರಿನಲ್ಲಿ ಮನೆ ಹಾಳುಮಾಡಿಕೊಳ್ಳುವ ಅಪಾಯವನ್ನೂ ಇಟಲಿಯೇ ಮೊದಲು ಕಂಡು ನಕ್ಕಿದೆ. ವೆನಿಸ್ಸಿನ ನಾಟಕಕಾರ ಕಾರ್ಲೋ ಗೋಲ್ದೋನಿಯು 1761ರಲ್ಲಿ ಬೇಸಗೆಯ ಹಳ್ಳಿವಾಸವನ್ನೇ ವಸ್ತುವಾಗಿಸಿ ಮೂರು ಹರ್ಷನಾಟಕಗಳನ್ನು ಬರೆದನು: ನೆರೆಯವರಿಗಿಂತ ಕಡಿಮೆಯೆನಿಸಬಾರದೆಂಬ ಒಂದೇ ಛಲದಿಂದ, ಹೊಸ ಉಡುಪಿಗೂ ಗಾಡಿಗೂ ಔತಣಗಳಿಗೂ ಸಾಲಮಾಡಿ, ಹಳ್ಳಿಯಲ್ಲಿ ನೆಮ್ಮದಿಯಿಲ್ಲದೆ ದಿನ ನೂಕಿ, ಹಿಂದಿರುಗುವಾಗ ಸಾಲಗಾರರ ಮುಖ ನೋಡಬೇಕಾಗಿ ಬಂದ ಸಂಸಾರಗಳ ಕಥೆ ಅದು. ಸಾಲದ ಕಂತಿನಲ್ಲಿ ವಿದೇಶಯಾತ್ರೆಯನ್ನು ಮಾರುವ ಈ ದಿನಗಳಲ್ಲಿ ಗೋಲ್ದೋನಿಯ ನಗೆ ಹಳೆಯದಾಗಿಲ್ಲ.

ಮನುಷ್ಯರು ಕಟ್ಟಿದ ಸರೋವರಗಳು

ಇನ್ನು ನಮ್ಮ ನಾಡಿಗೆ ಬರೋಣ. ತುಮಕೂರು ಜಿಲ್ಲೆಯ ಪಶ್ಚಿಮದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಪ್ರಕೃತಿಯು ಸರೋವರಗಳನ್ನು ದಾನಮಾಡಲಿಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಿನಲ್ಲಿ ಹಳ್ಳಗಳಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಕಲ್ಲಿನ ತೂಬು ನಿಲ್ಲಿಸಿ, ಹೆಚ್ಚಾದ ನೀರು ಹರಿಯಲು ಕೋಡಿ ಕಟ್ಟಿ, ಶತಮಾನಗಳ ಕಾಲ ನೀರುಗಂಟಿಗಳನ್ನು ನೇಮಿಸಿ ಕಾಪಾಡಿದವರು ಇಲ್ಲಿನ ಜನರೇ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ ಎಂದು ಊರುಗಳು ಕೆರೆಗಳಿಂದಲೇ ಗುರುತಾಗುವ ಸೀಮೆಯಿದು. ತುರುವೇಕೆರೆಗೆ ಸಮೀಪದ ಮಲ್ಲಾಘಟ್ಟದ ಕೆರೆಯ ಏರಿಯ ಮೇಲೆ ನಿಂತವರಿಗೆ ಎದುರಿಗೆ ನೀರಿನ ವಿಸ್ತಾರವೂ ಬೆನ್ನ ಹಿಂದೆ ಅಚ್ಚುಕಟ್ಟಿನ ತೆಂಗು ಅಡಕೆಗಳ ಹಸುರೂ ಏಕಕಾಲದಲ್ಲಿ ಕಾಣುತ್ತವೆ; ಕೆರೆಯ ಉದ್ದೇಶವೇನು, ಫಲವೇನು ಎಂಬ ಎರಡು ಪಾಠಗಳೂ ಒಂದೇ ಸ್ಥಳದಲ್ಲಿ ಆಗುತ್ತವೆ. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿಯ ನಾಲೆ ಈ ಭಾಗಕ್ಕೆ ಬಂದ ಮೇಲೆ, ಮಳೆಯನ್ನೇ ನಂಬಿದ್ದ ಹಲವು ಕೆರೆಗಳಿಗೆ ಹೊಸ ಆಸರೆ ದೊರೆತಿದೆ.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಲಾಗದು. ಇಟಲಿಯ ಸರೋವರಗಳಿಗೆ ಬೇಸಗೆಯೆಂದರೆ ಆಲ್ಪ್ಸ್ ಪರ್ವತದ ಹಿಮ ಕರಗಿ ನೀರು ಬರುವ ಕಾಲ. ನಮ್ಮ ಕೆರೆಗಳಿಗಾದರೋ ಅದು ಕ್ಷಾಮಕಾಲ. ನಾಲೆಯ ನೀರು ಬರುವುದು ಮುಂಗಾರು ಹಿಡಿದ ಮೇಲೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೆಲವು ಕೆರೆಗಳಲ್ಲಿ ನೀರು ನಡುವಿಗೆ ಸರಿದು ನಿಂತಿರುತ್ತದೆ. ಕೆಲವು ಪೂರ್ತಿಯಾಗಿ ಬತ್ತಿರುತ್ತವೆ. ಆದ್ದರಿಂದ ಊರನ್ನು ಆರಿಸುವ ಮೊದಲು ಈ ವರ್ಷ ಕೆರೆಯಲ್ಲಿ ನೀರೆಷ್ಟಿದೆಯೆಂದು ಅಲ್ಲಿಯವರನ್ನು ವಿಚಾರಿಸುವುದು ಯೋಜನೆಯ ಮೊದಲ ಹೆಜ್ಜೆ. ಹಾಗೆಂದು ನೀರಿಳಿದ ಕೆರೆ ನೋಟಕ್ಕೆ ಬಡವೆಂದು ತಿಳಿಯಬೇಕಾಗಿಲ್ಲ. ಅಂಗಳದಲ್ಲಿ ಹಸುರು ಗರಿಕೆ ಹರಡಿ ದನಕುರಿಗಳು ಮೇಯುತ್ತಿರುತ್ತವೆ. ರೈತರು ಕೆರೆಗೋಡನ್ನು ಅಗೆದು ತೆಂಗಿನ ಪಾತಿಗೆ ಸಾಗಿಸುತ್ತಾರೆ. ಉಳಿದ ನೀರಿನ ಅಂಚಿನಲ್ಲಿ ಮೀನು ಒಂದೆಡೆ ಸೇರುವುದರಿಂದ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಕೊಳದ ಬಕಗಳು ಮಳೆಗಾಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಒಂದು ದುರ್ಬೀನು, ಹಕ್ಕಿಗಳ ಚಿತ್ರವಿರುವ ಒಂದು ಪುಸ್ತಕ ಇವೆರಡಿದ್ದರೆ ಮಕ್ಕಳ ಬೆಳಗು ತಾನಾಗಿಯೇ ತುಂಬುತ್ತದೆ.

ಕಾಲ, ವಸತಿ, ದಿನಚರಿ

ಶಾಲೆಗಳ ರಜ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಇರುತ್ತದೆ. ಈ ಅವಧಿಯನ್ನು ಹಳ್ಳಿಯವರು ಮಳೆನಕ್ಷತ್ರಗಳಿಂದ ಅಳೆಯುತ್ತಾರೆ: ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕೆ, ಕೊನೆಯ ವಾರಕ್ಕೆ ರೋಹಿಣಿ. ಅಶ್ವಿನಿಯ ದಿನಗಳಲ್ಲಿ ಬಿಸಿಲು ಕಠೋರ; ಭರಣಿಯ ಒಂದೆರಡು ಗುಡುಗುಮಳೆ ಬಿದ್ದ ಮೇಲೆ ಸಂಜೆಗಳು ತಂಪಾಗಿ, ಮಾವು ಹಣ್ಣಾಗಿ, ಹಲಸಿನ ವಾಸನೆ ತೋಟದಲ್ಲಿ ಹರಡಲು ತೊಡಗುತ್ತದೆ. ಎರಡು ವಾರಗಳ ಬಿಡುವು ಮಾತ್ರ ಸಿಕ್ಕುವವರು ಮೇ ತಿಂಗಳ ಪೂರ್ವಾರ್ಧವನ್ನು ಆರಿಸುವುದು ಉತ್ತಮ. ನೆರೆಯ ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆ ಹುಟ್ಟಿದ, ತಾಮ್ರವರ್ಣದ ತೊಳೆಗಳ ಸಿದ್ದು ಹಲಸು ದೊರೆತರೆ ಮಕ್ಕಳಿಗೆ ಅದರ ರುಚಿ ತೋರಿಸದೆ ಬರಬಾರದು.

ಪ್ರಯಾಣ ಸುಲಭ. ಬೆಂಗಳೂರಿನಿಂದ ಅರಸೀಕೆರೆಯ ಕಡೆ ಹೋಗುವ ರೈಲಿನಲ್ಲಿ ತಿಪಟೂರಿಗೆ ಸುಮಾರು 140 ಕಿಲೋಮೀಟರು. ತುರುವೇಕೆರೆಗೆ ಹತ್ತಿರದ ನಿಲ್ದಾಣ ಬಾಣಸಂದ್ರ. ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲವು. ಸ್ವಂತ ಕಾರಿನಲ್ಲಿ ಬರುವವರು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಯ ಉಪಾಹಾರಕ್ಕೆ ನಿಂತು ಹೊರಡುವುದು ವಾಡಿಕೆ. ವಸತಿಯ ವಿಷಯದಲ್ಲಿ ಮಾತ್ರ ಮುಂದಾಲೋಚನೆ ಬೇಕು. ತಿಪಟೂರಿನಲ್ಲಿ ವಸತಿಗೃಹಗಳಿವೆ, ಚಿಕ್ಕ ಊರುಗಳಲ್ಲಿ ಕುಟುಂಬ ಸಮೇತ ವಾರಗಟ್ಟಲೆ ಇರಲು ಅನುಕೂಲವಾದುದು ಬಂಧುಗಳ ಮನೆ, ಇಲ್ಲವೆ ಮಕ್ಕಳು ನಗರಕ್ಕೆ ಹೋಗಿ ಬೀಗ ಬಿದ್ದಿರುವ ತೋಟದ ಮನೆ. ಹೀಗೆ ಮುಚ್ಚಿದ ಮನೆ ನಿಮ್ಮದೇ ಆಗಿದ್ದರೆ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಹೆಂಚು ಸರಿಮಾಡಿಸಿ, ಸಂಪು ತೊಳೆಯಿಸಿ, ವಿದ್ಯುತ್ತಿನ ತಂತಿಗಳನ್ನು ಪರೀಕ್ಷಿಸಿ, ಅಟ್ಟದಲ್ಲಿ ಹಾವುಚೇಳುಗಳಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ತಿಂಗಳ ಮೊದಲೇ ಬಾಗಿಲು ತೆರೆಯಿಸಿ ಗಾಳಿಯಾಡಿಸಬೇಕು.

ದಿನಚರಿಯನ್ನು ಸೂರ್ಯನಿಗೆ ಒಪ್ಪಿಸುವುದೇ ಬೇಸಗೆಯ ವಿವೇಕ. ಆರು ಗಂಟೆಗೆ ಏರಿಯ ಮೇಲೆ ನಡಿಗೆ, ಎಂಟಕ್ಕೆ ಉಪಾಹಾರ, ಹತ್ತರವರೆಗೆ ತೋಟದಲ್ಲಿ ಅಥವಾ ಊರಿನಲ್ಲಿ ಏನಾದರೊಂದು ಸಣ್ಣ ಕೆಲಸ, ಆಮೇಲೆ ನಾಲ್ಕರವರೆಗೆ ನೆರಳು. ತಾಪಮಾನ 36-37 ಡಿಗ್ರಿಗೆ ಏರುವ ಮಧ್ಯಾಹ್ನಗಳಲ್ಲಿ ಊರೂರು ಸುತ್ತಲು ಹೊರಡುವವರು ಆರೋಗ್ಯವನ್ನೂ ಸೌಮನಸ್ಯವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಊಟವಾದ ಮೇಲೆ ನಡುಮನೆಯ ತಣ್ಣನೆಯ ನೆಲದಲ್ಲಿ ಚಾಪೆ ಹಾಸಿ ಮಲಗುವುದು, ಎದ್ದು ಎಳನೀರನ್ನೋ ನೀರುಮಜ್ಜಿಗೆಯನ್ನೋ ಕುಡಿಯುವುದು, ಚೌಕಾಬಾರ, ಅಳಗುಳಿಮಣೆಗಳನ್ನು ಅಟ್ಟದಿಂದ ಇಳಿಸುವುದು, ಸಂಜೆ ಮತ್ತೆ ಏರಿಯ ಮೇಲೆ ಹೋಗಿ ಊರವರೊಡನೆ ಕುಶಲ ಮಾತಾಡುವುದು: ಇಷ್ಟೇ ದಿನದ ಕಾರ್ಯಕ್ರಮ. ಮೊದಲ ಮೂರು ದಿನ ನಗರದ ಮಕ್ಕಳಿಗೆ ಇದು ಶೂನ್ಯವೆನಿಸಿ, ಅವರು ಕೈದೂರವಾಣಿಗಾಗಿ ಹಂಬಲಿಸುವುದು ಸಹಜ. ಆ ಬೇಸರಕ್ಕೆ ಹಿರಿಯರು ಹೆದರಿ ಹೊಸ ಹೊಸ ಮನರಂಜನೆಗಳನ್ನು ಒದಗಿಸಲು ಓಡಾಡಬಾರದು. ಬೇಸರವನ್ನು ತಾನೇ ದಾಟಿ ಆಟವನ್ನು ಕಂಡುಕೊಂಡ ಮಗುವಿಗೆ ದೊರೆಯುವ ಸ್ವಾತಂತ್ರ್ಯ ಬೇರಾವ ಉಪಾಯದಿಂದಲೂ ದೊರೆಯದು.

ದಿನಕ್ಕೊಂದೂರು ಬೇಡ

ಮೂರು ದಿನಕ್ಕೊಮ್ಮೆ ಒಂದು ಸಣ್ಣ ಸಂಚಾರವಿದ್ದರೆ ಸಾಕು. ಅದೂ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಮರಳುವಂತಿರಬೇಕು. ತುರುವೇಕೆರೆಯಲ್ಲಿಯೇ ನೋಡತಕ್ಕದ್ದು ಬೇಕಾದಷ್ಟಿದೆ. ಹೊಯ್ಸಳ ಮೂರನೆಯ ನರಸಿಂಹನ ಕಾಲದ ಚೆನ್ನಿಗರಾಯ ದೇವಾಲಯ, ಮೂಲೆಶಂಕರೇಶ್ವರ, ಬೇಟೆರಾಯಸ್ವಾಮಿ ಗುಡಿಗಳು ಒಂದೇ ಊರಿನಲ್ಲಿವೆ; ಗಂಗಾಧರೇಶ್ವರನ ಎದುರಿಗೆ ಕುಳಿತಿರುವ ಕರಿಗಲ್ಲಿನ ನಂದಿಯ ಮೈಯ ನುಣುಪು ಶತಮಾನಗಳು ಕಳೆದರೂ ಮಾಸದೆ ಮಿರುಗುತ್ತದೆ. ಬೇಲೂರು ಹಳೇಬೀಡುಗಳಲ್ಲಿ ಜನಸಂದಣಿಯ ನಡುವೆ ಕತ್ತೆತ್ತಿ ನೋಡಿ ಮುಂದೆ ಸಾಗುವವರಿಗೆ, ಇಲ್ಲಿ ಒಂದೇ ಭಿತ್ತಿಯ ಮುಂದೆ ಅರ್ಧ ಗಂಟೆ ಕೂರುವ ಸೌಭಾಗ್ಯವಿದೆ. ಅದೇ ತಾಲ್ಲೂಕಿನ ನಾಗಲಾಪುರದಲ್ಲಿ ಚೆನ್ನಕೇಶವ, ಕೇದಾರೇಶ್ವರರ ಹೊಯ್ಸಳ ಗುಡಿಗಳಿವೆ. ನೊಣವಿನಕೆರೆಯ ಕಡೆಗೆ ಹೊರಟರೆ ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ ದೇವಾಲಯ ತ್ರಿಕೂಟವಾಗಿ ನಿಂತಿದೆ.

ಒಂದೇ ಒಂದು ಸ್ಥಳಕ್ಕೆ ಸಮಯವಿದ್ದರೆ ಅದು ಅರಳಗುಪ್ಪೆಯಾಗಲಿ. ತಿಪಟೂರು ತಾಲ್ಲೂಕಿನ ಈ ಹಳ್ಳಿಯ ಕಲ್ಲೇಶ್ವರ ದೇವಾಲಯ ಒಂಬತ್ತನೆಯ ಶತಮಾನದ ನೊಳಂಬರ ಕಾಲದ್ದು. ಅದರ ಒಳಮಾಳಿಗೆಯ ಮಧ್ಯದಲ್ಲಿ ನರ್ತಿಸುವ ಶಿವ. ಸುತ್ತಲೂ ತಮ್ಮ ತಮ್ಮ ವಾಹನಗಳೊಡನೆ ಎಂಟು ದಿಕ್ಕುಗಳ ಪಾಲಕರು. ತಲೆಯ ಮೇಲಿನ ಈ ಶಿಲ್ಪವನ್ನು ನೋಡಲು ಅತ್ಯುತ್ತಮ ಭಂಗಿಯೆಂದರೆ ಅರ್ಚಕರ ಅನುಮತಿ ಪಡೆದು ನೆಲದ ಮೇಲೆ ಅಂಗಾತ ಮಲಗುವುದು. ಮಕ್ಕಳು ಇದಕ್ಕೆ ಬಹಳ ಬೇಗ ಒಪ್ಪುತ್ತಾರೆ, ಯಾವ ದಿಕ್ಕಿನ ದೇವನಿಗೆ ಯಾವ ವಾಹನವೆಂಬುದನ್ನು ಪಾಠವಿಲ್ಲದೆಯೇ ಕಲಿಯುತ್ತಾರೆ. ಪಕ್ಕದಲ್ಲಿಯೇ ಇರುವ ಚೆನ್ನಕೇಶವ ದೇವಾಲಯ ನಾಲ್ಕು ಶತಮಾನಗಳ ಅನಂತರದ ಹೊಯ್ಸಳ ಕೃತಿ. ಹೊನೋಜನೆಂಬ ಶಿಲ್ಪಿಯ ಹೆಸರು ಅಲ್ಲಿ ಉಳಿದಿದೆ. ನೊಳಂಬರ ಮಿತಭಾಷೆಯನ್ನೂ ಹೊಯ್ಸಳರ ಅಲಂಕಾರವನ್ನೂ ಒಂದೇ ಊರಿನಲ್ಲಿ ಹೋಲಿಸಿ ನೋಡುವ ಅವಕಾಶ ಬೇರೆಡೆ ಅಷ್ಟು ಸುಲಭವಾಗಿ ಸಿಕ್ಕದು.

ಚಿಕ್ಕನಾಯಕನಹಳ್ಳಿಯ ಕಡೆಯದು ಬೇರೆಯೇ ನೋಟ. ಹಾಗಲವಾಡಿಯ ಪಾಳೆಯಗಾರರು ಆಳಿದ ಆ ಸೀಮೆಯಲ್ಲಿ ತೆಂಗಿನ ತೋಟಗಳ ಆಚೆಗೆ ಕುರುಚಲು ಬೆಟ್ಟಗಳ ಸಾಲು ಏಳುತ್ತದೆ. ಅವುಗಳ ನಡುವಿನ ಮದಲಿಂಗನ ಕಣಿವೆಗೆ ಮದುಮಗನೊಬ್ಬನ ದುರಂತದ ಜನಪದ ಕಥೆ ಅಂಟಿಕೊಂಡಿದ್ದು, ಮಾಸ್ತಿಯವರು ಅದನ್ನು ಕಾವ್ಯವಾಗಿಸಿದರು. ಇದೇ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದವರು 'ಭಾರತೀಯ ಕಾವ್ಯಮೀಮಾಂಸೆ'ಯ ಕರ್ತೃಗಳಾದ ತೀ.ನಂ. ಶ್ರೀಕಂಠಯ್ಯನವರು. ಹುಳಿಯಾರಿನ ಬಳಿಯ ಬೋರನಕಣಿವೆಯಲ್ಲಿ ಸುವರ್ಣಮುಖಿ ನದಿಗೆ ಮೈಸೂರು ಅರಸರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಜಲಾಶಯವಿದೆ. ಬೆಟ್ಟಗಳ ನಡುವೆ ನೀರು ನಿಂತಾಗ ಇಟಲಿಯ ಸರೋವರಗಳ ಹೋಲಿಕೆ ಅತಿಶಯೋಕ್ತಿಯೆನಿಸದ ಸ್ಥಳ ಈ ಸೀಮೆಯಲ್ಲಿ ಇದೊಂದೇ.

ಇನ್ನು ತೆಂಗು. ಈ ನಾಡಿಗೆ ಬಂದ ಮಗು ತೆಂಗಿನ ವಿಷಯ ತಿಳಿಯದೆ ಹಿಂದಿರುಗಿದರೆ ರಜ ವ್ಯರ್ಥವೇ. ಚೆನ್ನಾಗಿ ಬೆಳೆದ ಮರ ತಿಂಗಳಿಗೆ ಸುಮಾರು ಒಂದು ಗರಿಯನ್ನು ಬಿಡುತ್ತದೆ, ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ. ಹೂವು ಬಲಿತ ಕಾಯಾಗಲು ಹನ್ನೆರಡು ತಿಂಗಳು ಬೇಕು. ಆದ್ದರಿಂದ ಒಂದೇ ಮರದ ತಲೆಯಲ್ಲಿ ಹೊಂಬಾಳೆ, ಹರಳು, ಎಳನೀರು, ಬಲಿತ ಕಾಯಿ ಎಂದು ವರ್ಷದ ತಿಂಗಳುಗಳೆಲ್ಲ ಕ್ರಮವಾಗಿ ಜೋಡಿಸಿಕೊಂಡು ನಿಂತಿರುತ್ತವೆ. ತಿಪಟೂರಿನ ಉಂಡೆಕೊಬ್ಬರಿಯ ಕ್ರಮ ಇನ್ನೂ ತಾಳ್ಮೆಯದು: ಕಿತ್ತ ಕಾಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುವವರೆಗೆ ಎಂಟು ಹತ್ತು ತಿಂಗಳು ಕಾಯುತ್ತಾರೆ, ಕಾಯನ್ನು ಅಲುಗಾಡಿಸಿ ಸದ್ದಿನಿಂದಲೇ ಹದವನ್ನು ನಿರ್ಣಯಿಸುತ್ತಾರೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ತೆಗೆದು ತಿಪಟೂರಿನ ಕೃಷಿ ಮಾರುಕಟ್ಟೆಗೆ ತರುತ್ತಾರೆ. ಅಲ್ಲಿಂದ ಅದು ಉತ್ತರ ಭಾರತದ ಮದುವೆಗಳಿಗೂ ಪೂಜೆಗಳಿಗೂ ಹೋಗುತ್ತದೆ. ಹರಾಜಿನ ದಿನ ಮಕ್ಕಳನ್ನು ಮಾರುಕಟ್ಟೆಯ ಪ್ರಾಂಗಣಕ್ಕೆ ಕರೆದೊಯ್ದು, ಆ ದಿನದ ಧಾರಣೆ ಎಷ್ಟೆಂಬುದು ಒಂದು ಮನೆಯ ಮದುವೆಯನ್ನೋ ಓದನ್ನೋ ಹೇಗೆ ನಿರ್ಧರಿಸುತ್ತದೆಯೆಂದು ತಿಳಿಸಿಕೊಡುವುದು ಉಚಿತ.

ನೀರಿನ ಅಪಾಯ, ಒಲೆಯ ಹೊಣೆ

ಎರಡು ವಿಷಯಗಳಲ್ಲಿ ಕಟ್ಟುನಿಟ್ಟು ಬೇಕು. ಮೊದಲನೆಯದು ಮಕ್ಕಳ ಕ್ಷೇಮ. ಇಟಲಿಯ ದಡಗಳಲ್ಲಿ ಈಜಲು ಗೊತ್ತಾದ ಸ್ಥಳಗಳಿವೆ. ನಮ್ಮ ಕೆರೆಗಳಲ್ಲಿ ಅಂತಹ ವ್ಯವಸ್ಥೆಯಿಲ್ಲ. ನೀರು ಮೊಣಕಾಲುದ್ದವೆಂದು ತೋರುವ ಕಡೆಯಲ್ಲಿಯೇ ಗೋಡು ತೆಗೆದ ಗುಂಡಿಗಳು ಆಳವಾಗಿ ಅಡಗಿರುತ್ತವೆ. ತಳದ ಕೆಸರು ಕಾಲನ್ನು ಹಿಡಿಯುತ್ತದೆ. ಬೇಸಗೆ ರಜದಲ್ಲಿ ಕೆರೆಗೆ ಇಳಿದ ಮಕ್ಕಳು ಮರಳದ ಸುದ್ದಿ ಪತ್ರಿಕೆಗಳಲ್ಲಿ ಪ್ರತಿವರ್ಷವೂ ಬರುತ್ತದೆ. ಕೆರೆಯನ್ನು ಏರಿಯ ಮೇಲಿಂದ ನೋಡತಕ್ಕದ್ದು, ಮಕ್ಕಳು ನೀರಿಗೆ ಇಳಿಯತಕ್ಕದ್ದಲ್ಲ. ಕೃಷಿಹೊಂಡ, ತೆರೆದ ಬಾವಿಗಳ ಬಳಿಗೂ ಹಿರಿಯರಿಲ್ಲದೆ ಅವರನ್ನು ಬಿಡಬಾರದು. ಬಲಿತ ಗೊನೆಯಿರುವ ಮರದ ಕೆಳಗೆ ಚಾಪೆ ಹಾಸಬಾರದೆಂಬುದನ್ನು ತೋಟದವರು ಹೇಳದೆಯೇ ಬಲ್ಲರು, ನಗರದವರಿಗೆ ಹೇಳಬೇಕಾಗುತ್ತದೆ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಹಳೆಯ ಕಾಲದ ಅಜ್ಜಿಮನೆಯ ರಜವನ್ನು ನೆನೆದು ಹಾಡಿಹೊಗಳುವವರು ಸಾಮಾನ್ಯವಾಗಿ ಮರೆಯುವಂತಹುದು. ಹದಿನೈದು ಜನ ಕೂಡಿದ ಆ ಮನೆಗಳಲ್ಲಿ ಗಂಡಸರು ಜಗಲಿಯಲ್ಲಿ ಎಲೆಅಡಕೆ ಹಾಕಿಕೊಂಡು ಹರಟುತ್ತಿದ್ದರು, ಮಕ್ಕಳು ತೋಟದಲ್ಲಿ ಕುಣಿಯುತ್ತಿದ್ದರು. ಒತ್ತುಶ್ಯಾವಿಗೆಗೆ ಕಾಯಿಹಾಲು ಹಿಂಡುತ್ತ, ಹೋಳಿಗೆ ಬೇಯಿಸುತ್ತ, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುತ್ತ, ನಡುರಾತ್ರಿಯಲ್ಲಿ ಪಾತ್ರೆ ತೊಳೆಯುತ್ತ ಅಜ್ಜಿಯೂ ಸೋದರತ್ತೆಯೂ ದೊಡ್ಡಮ್ಮನೂ ಒಲೆಯ ಬಳಿಯಲ್ಲಿಯೇ ಬೇಸಗೆಯನ್ನು ಕಳೆಯುತ್ತಿದ್ದರು. ಎಲ್ಲರ ರಜವೆಂದು ನಾವು ಹೇಳಿಕೊಳ್ಳುತ್ತಿದ್ದುದು ಮನೆಯ ಅರ್ಧ ಜನರ ರಜ ಮಾತ್ರ. ತವರಿಗೆ ಬಂದ ಮಗಳಿಗೆ ನಾಲ್ಕು ದಿನ ವಿಶ್ರಾಂತಿ ಸಿಕ್ಕಿದರೂ ಅದೇ ಮನೆಯ ಸೊಸೆಗೆ ಆ ನಾಲ್ಕು ದಿನ ದುಡಿಮೆ ಇಮ್ಮಡಿಯಾಗುತ್ತಿತ್ತು. ಮನೆಯ ಯಜಮಾನನಿಗೂ ಪೂರ್ತಿ ಬಿಡುವಿರಲಿಲ್ಲ, ಇಂದಿಗೂ ಇಲ್ಲ. ಕೊಳವೆಬಾವಿಯ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಯಾವ ಹೊತ್ತಿಗೆ ಬರುವುದೋ ಆ ಹೊತ್ತಿಗೆ, ಅದು ನಡುರಾತ್ರಿಯಾದರೂ, ಅವನು ತೋಟದಲ್ಲಿರಬೇಕು.

ಆದಕಾರಣ ಬಂಧುಗಳ ಮನೆಯಲ್ಲಿ ರಜ ಕಳೆಯಲು ಹೊರಡುವವರು ಪ್ರಯಾಣದ ದಿನಾಂಕವನ್ನು ನಿಶ್ಚಯಿಸುವಾಗಲೇ ಅಡುಗೆಯ ಏರ್ಪಾಡನ್ನೂ ನಿಶ್ಚಯಿಸಬೇಕು. ಊರಿನಲ್ಲಿ 'ಅಕ್ಕ, ನಾವೇನೂ ಹೊರಗಿನವರಲ್ಲ, ಇದ್ದದ್ದು ಹಾಕಿ' ಎಂದು ನುಡಿದುಬಿಟ್ಟರೆ ಹೊಣೆ ತೀರಲಿಲ್ಲ. ಎರಡು ವಾರಗಳ ದಿನಸಿಯನ್ನು ಬಂದವರೇ ತರಿಸಿಕೊಡುವುದು. ಊರಿನಲ್ಲಿ ಅಡುಗೆಗೆ ನೆರವಾಗುವವರಿದ್ದರೆ ಯೋಗ್ಯವಾದ ಸಂಬಳ ಕೊಟ್ಟು ಗೊತ್ತುಮಾಡುವುದು. ದಿನಬಿಟ್ಟು ದಿನ ಬೆಳಗಿನ ಉಪಾಹಾರವನ್ನು ಹೋಟೆಲಿನಿಂದ ತರುವುದು. ರಾತ್ರಿಗೆ ಮೊಸರನ್ನ, ಉಪ್ಪಿನಕಾಯಿ, ಒಂದು ಬಾಳೆಹಣ್ಣು ಸಾಕೆಂದು ಒಪ್ಪಿಕೊಳ್ಳುವುದು. ಬಡಿಸುವ, ಎಲೆ ಎತ್ತುವ, ಪಾತ್ರೆ ತೊಳೆಯುವ ಕೆಲಸವನ್ನು ಗಂಡಸರೂ ದೊಡ್ಡ ಮಕ್ಕಳೂ ಸರದಿಯ ಮೇಲೆ ವಹಿಸಿಕೊಳ್ಳುವುದು: ಇವಿಷ್ಟನ್ನು ಮೊದಲೇ ಹೇಳಿ ನಡೆಸಿದರೆ ಆತಿಥ್ಯಕ್ಕೆ ಕುಂದೂ ಬಾರದು, ಅತ್ತಿಗೆ ನಾದಿನಿಯರ ನಡುವೆ ಮನಸ್ತಾಪವೂ ಹುಟ್ಟದು. ಸಂಜೆ ಏರಿಯ ಮೇಲೆ ಅಡ್ಡಾಡಲು ಹೊರಡುವಾಗ ಮನೆಯಲ್ಲಿ ಯಾರೊಬ್ಬರೂ ಒಲೆಯ ಮುಂದೆ ಉಳಿಯದಂತೆ ನೋಡಿಕೊಳ್ಳುವುದೇ ಈ ಯೋಜನೆಯ ಪರೀಕ್ಷೆ.

ಖರ್ಚಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ವಿದೇಶಯಾತ್ರೆಗೆ ವಿಮಾನದ ಟಿಕೆಟ್ಟು, ವೀಸಾ, ವಿಮೆಗಳಿಗೆ ಆಗುವ ವೆಚ್ಚದ ಒಂದು ಅಲ್ಪಾಂಶದಲ್ಲಿ ಇಲ್ಲಿ ಇಡೀ ಕುಟುಂಬದ ಬೇಸಗೆ ಕಳೆಯುತ್ತದೆ. ಉಳಿದ ಹಣದಲ್ಲಿ ಹಳೆಯ ಮನೆಯ ಮಾಡು ಸರಿಮಾಡಿಸಿದರೆ ಮುಂದಿನ ಹತ್ತು ಬೇಸಗೆಗಳಿಗೆ ವಸತಿ ಸಿದ್ಧವಾದಂತೆ. ಕೋಮೋವಿಗೆ ಹೋಗುವ ಶಕ್ತಿಯುಳ್ಳವರು ಒಮ್ಮೆ ಅವಶ್ಯವಾಗಿ ಹೋಗಿಬರಲಿ. ಆದರೆ ಅಲ್ಲಿಯೂ ಒಂದೇ ಊರಿನಲ್ಲಿ ನಿಂತು, ಅಲ್ಲಿಯ ಜನರಂತೆ ಮಧ್ಯಾಹ್ನ ಮಲಗಿ, ಸಂಜೆ ನಡೆದು ಬರಲಿ. ಸಾಲಮಾಡಿ ಹೋಗುವ ಅಗತ್ಯ ಯಾರಿಗೂ ಇಲ್ಲ.

ಓದುಗರಲ್ಲಿ ಕೊನೆಯದಾಗಿ ಒಂದು ವಿಜ್ಞಾಪನೆ. ಈ ಬೇಸಗೆಯಲ್ಲಿ ಕಲ್ಪತರು ನಾಡಿನ ಯಾವುದಾದರೊಂದು ಕೆರೆಯೂರಿಗೆ ಹೋಗುವುದಾದರೆ ಕೆರೆಯಲ್ಲಿ ನೀರಿದೆಯೇ ಎಂದು ಮೊದಲು ಕೇಳಿ. ಏರಿಯ ಮೇಲೆ ಪ್ಲಾಸ್ಟಿಕ್ ಎಸೆಯಬೇಡಿ, ಮಕ್ಕಳನ್ನು ನೀರಿಗಿಳಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಮೊದಲು ನಿಮ್ಮ ಮನೆಯ ಹೆಂಗಸರನ್ನೂ, ನೀವು ಹೋಗಿ ಇಳಿಯುವ ಮನೆಯ ಹೆಂಗಸರನ್ನೂ ಕುಳ್ಳಿರಿಸಿ, ಅವರಿಗೆ ಬೇಕಾದ ಬಿಡುವು ಯಾವುದೆಂದು ಕೇಳಿ ತಿಳಿದು, ಅದರಂತೆ ದಿನಚರಿಯನ್ನು ಬರೆಯಿರಿ.